ಕಾಗದಕ್ಕೆ ಹೊಂದಿಸಿದ ಕಾಲರ್

ಕಾಲರ್ ಈ ಸಲವೂ ಸಾಲಲಿಲ್ಲ. ಎಡಗಡೆಯ ತುದಿಯಿಂದ ಗುಂಡುಸೂಜಿ ಚುಚ್ಚುತ್ತ ಬಂದವಳು ಬಲಗಡೆ ಮುಟ್ಟುವಷ್ಟರಲ್ಲಿ, ಅಂಗಿಯ ಕತ್ತು ಒಂದು ಬೆರಳಿನಗಲ ಮಿಕ್ಕಿಬಿಟ್ಟಿತ್ತು. ಎಳೆದು ಕೂರಿಸಬಹುದಿತ್ತು. ಆದರೆ ಎಳೆದ ಕಾಲರು ಮಗುವಿನ ಕತ್ತಿನ ಹಿಂದೆ ಸುಕ್ಕುಗಟ್ಟಿ ಕೂರುತ್ತದೆ. ಅವಳು ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಕಚ್ಚಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದಳು.

ಶಿಶುವಿಹಾರದ ಟೀಚರು ಸಂಜೆ ಬರುವವರಿದ್ದರು. ಹಾಡುವ ಮಕ್ಕಳಿಗೆಲ್ಲ ಒಂದೇ ಥರದ ಬಿಳಿ ಅಂಗಿ, ದುಂಡು ಕಾಲರು. ಒಂದನ್ನಾದರೂ ಮುಗಿಸಿ ತೋರಿಸಿದರೆ ಉಳಿದವಕ್ಕೆ ಕೈ ಹಾಕಬಹುದು. ಇಂಥ ಕಾಲರನ್ನು ಅವಳು ಮಗಳು ಅಂಬೆಗಾಲಿಡುತ್ತಿದ್ದ ಕಾಲದಿಂದ ಹೊಲಿಯುತ್ತ ಬಂದಿದ್ದಾಳೆ. ಕಣ್ಣುಮುಚ್ಚಿ ಕೂರಿಸುತ್ತೇನೆ ಅನ್ನುವ ಜಂಬ ಅವಳಿಗೆ ಒಳಗೊಳಗೇ ಇತ್ತು. ಇವತ್ತು ಕಣ್ಣು ತೆರೆದು, ಕನ್ನಡಕ ಹಾಕಿಕೊಂಡು ಕೂರಿಸಿದರೂ ಕೂರುತ್ತಿಲ್ಲ. ಕೈ ಹೋಯಿತೇ? ಅವಳಿಗೆ ಹೊಲಿಗೆ ಕಲಿಸಿದ ಚಿಕ್ಕಮ್ಮನ ಕೈಯೂ ಹೀಗೇ, ಹೇಳದೆ ಕೇಳದೆ ಒಂದು ದಿನ ಮಾತು ಕೇಳುವುದನ್ನು ಬಿಟ್ಟಿತ್ತು.

ಪಕ್ಕದ ಮೇಜಿನ ಮೇಲೆ ಪ್ರಿಂಟರ್ ನೀಲಿ ದೀಪ ಮಿಟುಕಿಸಿ ಗೊರಗೊರ ಅಂದಿತು. ನಡುಮನೆಯಿಂದ ಗಂಡನ ದನಿ ಬಂತು. "ಬಂತೇನೇ?"

ತುಟಿಯಲ್ಲಿ ಸೂಜಿ ಇದ್ದುದರಿಂದ ಅವಳು "ಹ್ಞೂಂ" ಅಂದಳು.

"ನೋಡಿದ್ಯಾ, ಇಲ್ಲಿ ಕುರ್ಚಿ ಮೇಲೆ ಕೂತು ಒತ್ತಿದ್ದು ನಾನು. ಅಲ್ಲಿ ಕಾಗದ ಬಂತು. ಮಧ್ಯೆ ಒಂದು ತಂತೀನೂ ಇಲ್ಲ."

ಈ ಮಾತನ್ನು ಅವನು ದಿನವೂ ಹೇಳುತ್ತಿದ್ದ. ಅವಳು ದಿನವೂ ಹ್ಞೂಂಗುಟ್ಟುತ್ತಿದ್ದಳು.

ಅವನು ಕೆಲಸದಲ್ಲಿದ್ದಷ್ಟು ಕಾಲವೂ ಲಾರಿ ತೂಗುವ ಕಟ್ಟೆಯಲ್ಲಿದ್ದವನು. ಕಲ್ಲು, ಕಬ್ಬಿಣ, ಸಿಮೆಂಟು, ಏನೇ ಹೊತ್ತು ಬಂದ ಲಾರಿಯಾದರೂ ಅವನ ಗಾಜಿನ ಗೂಡಿನ ಮುಂದೆ ನಿಂತೇ ಹೋಗಬೇಕಿತ್ತು. ಡ್ರೈವರ್ ಇಳಿಯದೆ ತೂಗಿದವನಲ್ಲ. ನಿವೃತ್ತಿಯ ದಿನ ಸಾಹೇಬರು, "ಇವರ ಚೀಟಿಯನ್ನು ಎರಡನೇ ಸಲ ನೋಡುವ ಪ್ರಮೇಯ ಬರಲಿಲ್ಲ" ಅಂದದ್ದನ್ನು ಮನೆಗೆ ಬಂದವರಿಗೆಲ್ಲ ಒಮ್ಮೆಯಾದರೂ ಕೇಳಿಸುತ್ತಿದ್ದ. ಆಮೇಲೆ ತೂಗಲು ಏನೂ ಉಳಿಯಲಿಲ್ಲ. ಕಿಟಕಿಯ ಬಳಿ ನಿಂತು ಬೀದಿಯಲ್ಲಿ ಹೋಗುವ ಲಾರಿಯನ್ನು ನೋಡಿ, "ಜಾಸ್ತಿ ಹೇರಿದ್ದಾನೆ" ಅನ್ನುವನು. ತರಕಾರಿ ಅಂಗಡಿಯವಳ ತಕ್ಕಡಿಗೆ ಬುದ್ಧಿ ಹೇಳಲು ಹೋಗಿ ಮುಖ ಸಣ್ಣದು ಮಾಡಿಕೊಂಡು ಬರುವನು. ಅವಳ ಕೋಣೆಯ ಬಾಗಿಲಿಗೆ ಒರಗಿ ನಿಂತು, "ನನ್ನಿಂದ ಏನಾದ್ರೂ ಆಗಬೇಕಾ?" ಎಂದು ಕೇಳುವನು. ಏನೂ ಬೇಡ ಅಂದರೆ ಮೆತ್ತಗೆ ಹೊರಟುಹೋಗುವನು. ಹಾಗೆ ಹೋಗುವಾಗಿನ ಅವನ ಬೆನ್ನನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ. ಏನಾದರೂ ಒಂದು ಕೆಲಸ ಹೇಳೋಣವೆಂದರೆ, ಅವಳ ಕೆಲಸ ಎಷ್ಟೋ ವರ್ಷಗಳಿಂದ ಅವಳೊಬ್ಬಳ ಕೈಗೇ ಒಗ್ಗಿಹೋಗಿತ್ತು.

ಪ್ರಿಂಟರ್ ತಂದದ್ದು ಅವನೇ. ಒಂದು ದಿನ ಅವಳ ಖಾಕಿ ಕಾಗದದ ಅಚ್ಚುಗಳನ್ನು, ಅಂದರೆ ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸುವ ಕಾಗದದ ತುಂಡುಗಳನ್ನು, ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅಂಚುಗಳೆಲ್ಲ ಸವೆದು, ಸೂಜಿಯ ತೂತು ಬಿದ್ದು, ಜರಡಿಯಾಗಿದ್ದವು. "ಇದನ್ನಿಟ್ಟುಕೊಂಡು ಹೇಗೆ ಅಳತೆ ತೆಗೀತೀಯೆ?" ಅಂದವನು ಮಾರನೆಯ ದಿನವೇ ಅಂಗಡಿಗೆ ಹೋಗಿ ಪೆಟ್ಟಿಗೆ ಹೊತ್ತು ತಂದ. ಪ್ರತಿ ತೆಗೆಯುತ್ತದೆ, ಸ್ಕ್ಯಾನ್ ಮಾಡುತ್ತದೆ, ಅಚ್ಚು ಹಾಕುತ್ತದೆ, ಎಲ್ಲ ಒಂದರಲ್ಲೇ.

ಅದನ್ನು ಕೂರಿಸಿದ ದಿನ ಮನೆಯಲ್ಲಿ ನಡೆದದ್ದು ಒಂದು ಸಣ್ಣ ಯುದ್ಧವೇ. ವೈಫೈ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಅವನು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಬಚ್ಚಲುಮನೆಯವರೆಗೂ ನಡೆದ. ಪ್ರಿಂಟರಿಗೆ ಸಿಗ್ನಲ್ ಹಿಡಿದದ್ದು ಕೊನೆಗೆ ಹೊಲಿಗೆ ಕೋಣೆಯಲ್ಲೇ. ಹಾಗಾಗಿ ಅವಳ ಇಸ್ತ್ರಿ ಮೇಜು ಬಾಗಿಲ ಹಿಂದಕ್ಕೆ ಹೋಯಿತು. ಇಷ್ಟೆಲ್ಲ ಆದ ಮೇಲೆ ಗುಂಡಿ ಒತ್ತಿದರೆ ಹಾಲಿನಂಥ ಬಿಳಿ ಕಾಗದ ಹೊರಗೆ ಬಂತು. ಇನ್ನೊಂದು ಸಲ ಒತ್ತಿದರೂ ಅಷ್ಟೇ. ಊರಿನ ಇನ್ನೊಂದು ತುದಿಯಲ್ಲಿ ಸಂಸಾರ ಮಾಡಿಕೊಂಡಿದ್ದ ಮಗಳು ಫೋನಿನಲ್ಲಿ ಕೇಳಿದಳು. "ಅಪ್ಪಾ, ಇಂಕಿನ ಡಬ್ಬಿ ಮೇಲೆ ಕಿತ್ತಳೆ ಬಣ್ಣದ ಟೇಪ್ ಇರತ್ತಲ್ಲ, ಅದನ್ನ ಕಿತ್ರಾ?"

"ಅದನ್ನ ಯಾಕೆ ಕೀಳ್ಬೇಕು? ಕಂಪನಿಯವರು ಅಷ್ಟು ನೀಟಾಗಿ ಅಂಟಿಸಿದ್ದಾರೆ."

"ಬಾಟ್ಲಿ ಮುಚ್ಚಳ ತೆಗೀದೆ ನೀರು ಕುಡೀತೀರಾ ಅಪ್ಪಾ?"

"ನಿಮ್ಮಮ್ಮನ ಬುದ್ಧಿ ಅಕ್ಷರ ಬಿಡದೆ ಬಂದಿದೆ ನಿಂಗೆ" ಅಂದ ಅವನು. ಅವಳು ಹೊಲಿಗೆ ಮಷೀನಿನ ಮೇಲೆ ಬಾಗಿ ನಗು ನುಂಗಿಕೊಂಡಿದ್ದಳು. ಟೇಪ್ ಕಿತ್ತ ಮೇಲೆ ಬಂದ ಮೊದಲ ಕಾಗದದಲ್ಲಿ ಬರೀ ಗೆರೆಗಳು, ಬಣ್ಣದ ಚೌಕಗಳು. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಕಾಗದವಂತೆ. ಅದನ್ನು ಅವನು ಎಸೆಯಲಿಲ್ಲ. ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದು ಇನ್ನೂ ಹಾಗೇ ಇದೆ.

ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಬೆಳಗ್ಗೆ ತಿಂಡಿ ಮುಗಿಸಿ ಕೈ ತೊಳೆದವನು, "ಇವತ್ತೇನಿದೆ?" ಅನ್ನುತ್ತ ಬರುತ್ತಿದ್ದ. ಅಂಗಿಯ ಮೈಯಂಥ ದೊಡ್ಡ ಅಚ್ಚುಗಳು ಗಾಜಿನ ಮೇಲೆ ಹಿಡಿಯುತ್ತಿರಲಿಲ್ಲ. ಕಾಲರು, ತೋಳಿನ ಪಟ್ಟಿ, ಜೇಬು ಇವು ಹಿಡಿಯುತ್ತಿದ್ದವು. ಅವನ್ನೆಲ್ಲ ಪ್ರತಿ ತೆಗೆದು, ರಟ್ಟಿಗೆ ಅಂಟಿಸಿ, ಕತ್ತರಿಸಿ, ತೂತು ಮಾಡಿ, ದಾರ ಕಟ್ಟಿ, ಗೋಡೆಯ ಮೊಳೆಗೆ ಸಾಲಾಗಿ ನೇತುಹಾಕಿದ. ಪ್ರತಿಯೊಂದರ ಮೇಲೂ ತೂಕದ ಚೀಟಿ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಹೆಸರು. ಅವಳಿಗೂ ಗೋಡೆ ನೋಡಿದರೆ ಖುಷಿಯಾಗುತ್ತಿತ್ತು.

ಈಗ ಆ ಗೋಡೆ ನೋಡುತ್ತಲೇ ಅವಳಿಗೆ ಏನೋ ಹೊಳೆಯಿತು. ಅಂಗಿಯ ಮೈಯನ್ನು ಕತ್ತರಿಸಿದ್ದು ಹಳೆಯ ಖಾಕಿ ಅಚ್ಚಿನಿಂದ. ಕಾಲರನ್ನು ಕತ್ತರಿಸಿದ್ದು ಅವನ ಹೊಸ ರಟ್ಟಿನಿಂದ, ಇದೇ ಮೊದಲ ಸಲ.

ಅವಳು ಎದ್ದು ಟ್ರಂಕಿನಿಂದ ಹಳೆಯ ಕಾಲರಿನ ಅಚ್ಚನ್ನು ತೆಗೆದಳು. ಮೊಳೆಯ ಮೇಲಿನ ರಟ್ಟನ್ನು ತಂದು ಅದರ ಮೇಲಿಟ್ಟಳು. ರಟ್ಟಿನ ಸುತ್ತಲೂ ಖಾಕಿ ಕಾಗದ ಇಣುಕಿತು. ಉಗುರಿನ ಬೆಳ್ಳಿಗೆರೆಯಷ್ಟು ಸಣ್ಣದಾಗಿ, ಆದರೆ ಎಲ್ಲ ಕಡೆಯಿಂದಲೂ.

ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಕೈ ಹೋಗಿಲ್ಲ. ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು, ಕಳೆದುಹೋಗಿ ಸಿಕ್ಕಿದ ಸಾಮಾನಿನ ಹಾಗೆ.

ಮೊದಲ ದಿನ ಕಾಲರಿನ ಎರಡು ತುದಿಗಳೂ ಕಾಗದದ ಅಂಚಿಗೆ ಬಂದು ಕತ್ತರಿಸಿಹೋಗಿದ್ದವು. ಅವನು ಬಹಳ ಹೊತ್ತು ಫೋನಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹುಡುಕಿ, "ಇಲ್ಲೇ ಇದೆ ನೋಡು, 'ಕಾಗದಕ್ಕೆ ಹೊಂದಿಸು' ಅಂತ" ಎಂದು ಒತ್ತಿದ್ದ. ಆಗ ಇಡೀ ಕಾಲರು ತುದಿ ಸಮೇತ ಬಂದಿತ್ತು. ಇಬ್ಬರೂ ಮೆಚ್ಚಿಕೊಂಡಿದ್ದರು. ಅಂದಿನಿಂದ ಅವನು ಎಲ್ಲಕ್ಕೂ ಅದನ್ನೇ ಒತ್ತುತ್ತಿದ್ದ. ಕಾಗದಕ್ಕೆ ಹೊಂದಿಕೊಳ್ಳಲು ಕಾಲರು ಮೈ ಕುಗ್ಗಿಸಿಕೊಂಡದ್ದು ಇಬ್ಬರಿಗೂ ಹೊಳೆದಿರಲಿಲ್ಲ.

ಹೇಳಬೇಕು. ಹೇಳದೆ ಆಗುತ್ತದೆಯೇ? ಇಂದು ಕಾಲರು, ನಾಳೆ ತೋಳಿನ ಪಟ್ಟಿ. ಅವನನ್ನು ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಒಳಗೆ ಬಂದ. ಅವಳು ರಟ್ಟನ್ನು ಬಟ್ಟೆಯ ಕೆಳಗೆ ಸರಿಸಿದಳು.

"ಕಾಗದ ಮುಗೀತಂತೆ, ಫೋನಿಗೆ ಹೇಳ್ತಿದೆ ನಿನ್ನ ಸವತಿ" ಅಂದ. ಪ್ರಿಂಟರಿಗೆ ಅವನಿಟ್ಟ ಹೆಸರು ಅದು. "ನನ್ನ ಕಾಲರು ಹೇಗೆ ಕೂತ್ಕೊಳ್ತು?"

"ನಿಮ್ಮ ಕಾಲರಾ? ಹೊಲಿಯೋಳು ನಾನು, ಕಾಲರು ನಿಮ್ಮದಾ?"

"ಅಚ್ಚು ನಂದಲ್ವಾ. ಕೂದಲೆಳೆ ವ್ಯತ್ಯಾಸ ಬಂದ್ರೆ ಕೇಳು. ಭಾನುವಾರ ಮಗಳು ಬರ್ಲಿ, ಗೋಡೆ ತೋರಿಸ್ತೀನಿ. ಟೇಪ್ ಕಿತ್ರಾ ಅಂತ ಕೇಳಿದ್ಳಲ್ಲ."

ಕಾಗದದ ಕಟ್ಟು ಬಿಚ್ಚುವ ಮೊದಲು ಅವನು ಅಂಗಿಯ ಎರಡೂ ತೋಳುಗಳನ್ನು ಮೊಣಕೈವರೆಗೆ ಮಡಿಸಿಕೊಂಡ. ಅವಳು ಆ ಮಡಿಕೆಯನ್ನೇ ನೋಡುತ್ತ ಕುಳಿತಳು.

ಮದುವೆಯಾದ ಹೊಸತರಲ್ಲಿ ಅವಳು ಅವನಿಗೊಂದು ಅಂಗಿ ಹೊಲಿದುಕೊಟ್ಟಿದ್ದಳು. ತಿಳಿನೀಲಿ ಬಣ್ಣದ್ದು, ಅವಳು ಹೊಲಿದ ಮೊದಲ ಗಂಡಸರ ಅಂಗಿ. ಬಣ್ಣ ಮಾಸಿ ಬೆನ್ನು ಹರಿಯುವವರೆಗೂ ಅವನು ಅದನ್ನು ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ. ಬೇರೆ ಅಂಗಿಗಳ ತೋಳನ್ನು ಮುಂಗೈವರೆಗೆ ಇಳಿಸಿ ಗುಂಡಿ ಹಾಕುತ್ತಿದ್ದ. ಅದೊಂದಕ್ಕೆ ಮಾತ್ರ ಯಾವಾಗಲೂ ತೋಳು ಮಡಿಸಿರುತ್ತಿತ್ತು. "ಗಾಜಿನ ಗೂಡಲ್ಲಿ ಸೆಖೆ ಕಣೇ" ಅನ್ನುತ್ತಿದ್ದ, ಚಳಿಯ ದಿನಗಳಲ್ಲೂ. ವರ್ಷಗಳ ಮೇಲೆ ಅದನ್ನು ಒರೆಸುವ ಬಟ್ಟೆಗೆಂದು ಹರಿಯಲು ಕೂತಾಗ ಅವಳಿಗೆ ಗೊತ್ತಾಗಿತ್ತು, ಒಂದು ತೋಳು ಇನ್ನೊಂದಕ್ಕಿಂತ ಹೆಬ್ಬೆರಳಿನಷ್ಟು ಗಿಡ್ಡ. ಕೂದಲೆಳೆ ವ್ಯತ್ಯಾಸವನ್ನೂ ಬಿಡದ ಮನುಷ್ಯ ಅದನ್ನು ಮಡಿಸಿಕೊಂಡೇ ಇದ್ದುಬಿಟ್ಟಿದ್ದ. ಅವಳು ಕೇಳಲಿಲ್ಲ. ಅವನೂ ಹೇಳಿರಲಿಲ್ಲ.

"ಏನೇ, ಹಾಗೆ ನೋಡ್ತೀಯ?"

"ಏನಿಲ್ಲ. ಕಾಗದ ಓರೆಯಾಗಿ ಇಡ್ತಿದ್ದೀರಿ."

"ನೀನು ನಿನ್ನ ಕೆಲಸ ನೋಡ್ಕೋ. ಇದು ನನ್ನ ಇಲಾಖೆ." ಕಾಗದ ತುಂಬಿಸಿ, ತಟ್ಟೆಯನ್ನು ಒಳಗೆ ತಳ್ಳಿ, ಪ್ರಿಂಟರಿನ ನೆತ್ತಿಯ ಮೇಲೆ ಒಂದು ಸಲ ತಟ್ಟಿದ. "ಮುಂದಿನದು ಯಾವುದು ಕೊಡ್ತೀಯಾ?"

ಅವಳು ಟ್ರಂಕಿನಿಂದ ಇನ್ನೊಂದು ಅಳತೆಯ ತೋಳಿನ ಪಟ್ಟಿಯ ಅಚ್ಚನ್ನು ತೆಗೆದುಕೊಟ್ಟಳು. ಅವನು ಅದನ್ನು ಎರಡು ಕೈಯಲ್ಲಿ ಹಿಡಿದು, ಗಾಜಿನ ಮೇಲೆ ನೇರವಾಗಿ ಮಲಗಿಸಿ, ಮುಚ್ಚಳ ಇಳಿಸಿ, ಒಂದು ತಂತಿಯೂ ಇಲ್ಲದೆ ಅಚ್ಚು ಹಾಕುವ ಸಂಭ್ರಮಕ್ಕೆ ಮತ್ತೆ ನಡುಮನೆಯ ಕುರ್ಚಿಗೆ ಹೋದ.

ಹಳೆಯ ಖಾಕಿ ಕಾಲರನ್ನು ಅವಳು ಸುರುಳಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದಳು. ಬಿಳಿ ಬಟ್ಟೆಯ ಹೊಸ ತುಂಡನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಗಂಡನ ರಟ್ಟನ್ನು ಇಟ್ಟಳು. ನೀಲಿ ಸೀಮೆಸುಣ್ಣ ಕೈಗೆತ್ತಿಕೊಂಡು, ರಟ್ಟಿನ ಅಂಚಿಗೆ ತಾಗಿಸದೆ, ಉಗುರಿನ ಬೆಳ್ಳಿಗೆರೆಯಷ್ಟು ದೂರ ಬಿಟ್ಟು, ಸುತ್ತಲೂ ಗೆರೆ ಎಳೆಯುತ್ತ ಬಂದಳು. ಇನ್ನು ಮೇಲೆ ಈ ಗೋಡೆಯ ಮೇಲಿನ ಎಲ್ಲದಕ್ಕೂ ಹೀಗೇ. ಪಕ್ಕದಲ್ಲಿ ಪ್ರಿಂಟರ್ ಗೊರಗೊರ ಅಂದಿತು.

"ಬಂತೇನೇ?"

"ಬಂತು" ಅಂದಳು ಅವಳು, ಕತ್ತರಿಯನ್ನು ಗೆರೆಯ ಮೇಲಿಡುತ್ತ.