ತಟ್ಟೆಯ ನಡುವಿನ ತೂತು

ಅಕ್ಕನ ಮುಖ ಕಂಡರೆ ತಂಗಿಗೆ ಆಗುತ್ತಿರಲಿಲ್ಲ. ಇಬ್ಬರಿಗೂ ಒಂದೇ ಮನೆ, ಒಂದೇ ಸಂಶೋಧನಾ ಸಂಸ್ಥೆ. ಸಾಲದ್ದಕ್ಕೆ ಅಕ್ಕನೇ ಗುಂಪಿನ ಮುಖ್ಯಸ್ಥೆ. ಮನೆಯಲ್ಲಿ ಫ್ರಿಜ್ಜಿನೊಳಗೂ ಟೇಪು ಅಂಟಿಸಿ ಪಾಲು ಮಾಡಿಕೊಂಡಿದ್ದರು. ಹಾಲು ಅಕ್ಕನ ಪಾಲಿಗೆ ಹೋಗಿತ್ತು. ತಂಗಿ ಕಪ್ಪು ಕಾಫಿ ಕುಡಿದು ಹಠ ಸಾಧಿಸುತ್ತಿದ್ದಳು.

ಅವರ ಕೆಲಸ ಒಂದು ಎಳೆಯ ನಕ್ಷತ್ರದ ಮೇಲೆ. ಅದರ ಸುತ್ತ ಅನಿಲವೂ ಧೂಳೂ ತಟ್ಟೆಯಂತೆ ಹರಡಿ ಸುತ್ತುತ್ತಿದ್ದವು. ಗ್ರಹಗಳು ಹುಟ್ಟುವುದು ಇಂಥ ತಟ್ಟೆಗಳಲ್ಲೇ. ಅಲ್ಲಿನ ಅನಿಲ ಎಷ್ಟು ಬಿಸಿ, ಎಷ್ಟು ದಟ್ಟ, ಕಾರ್ಬನ್ ಮಾನಾಕ್ಸೈಡ್ ಎಲ್ಲೆಲ್ಲಿದೆ ಎಂದು ತಂಗಿ ಅಳೆದಿದ್ದಳು. ಅವಳು ಕೊಟ್ಟ ಚಿತ್ರದಲ್ಲಿ ತಟ್ಟೆಯ ನಟ್ಟನಡುವೆ ಅನಿಲವೇ ಇಲ್ಲದ ತೂತೊಂದಿತ್ತು. ಹೊಸ ಗ್ರಹವೊಂದು ಅಲ್ಲಿ ಹುಟ್ಟಿ ಅನಿಲವನ್ನೆಲ್ಲ ಗುಡಿಸಿಹಾಕಿದೆ ಎಂದು ಅಕ್ಕ ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿದಳು. ಅದು ಪ್ರಕಟವಾದರೆ ತಂಗಿಯ ನೌಕರಿ ಕಾಯಂ ಎಂದು ನಿರ್ದೇಶಕರು ಬಾಯಿಬಿಟ್ಟೇ ಹೇಳಿದ್ದರು. ಆಗದಿದ್ದರೆ ವರ್ಷದ ಕೊನೆಗೆ ಅವಳು ಗಂಟುಮೂಟೆ ಕಟ್ಟಬೇಕು.

ಹಾಗಿದ್ದ ಮೇಲೆ ಬಾಯಿ ಮುಚ್ಚಿಕೊಂಡು ಇರಬಾರದೇ? ಅವಳ ಜಾಯಮಾನವೇ ಅದಲ್ಲ.

ಆ ಗುಂಪಿನಲ್ಲಿ ಒಂದು ರೂಢಿಯಿತ್ತು. ದೂರದರ್ಶಕದಿಂದ ಬರುವ ಚಿತ್ರದಲ್ಲಿ ಧೂಳಿನ ಬೆಳಕೂ ಅನಿಲದ ಬೆಳಕೂ ಬೆರೆತಿರುತ್ತವೆ. ಬಂದ ತಕ್ಷಣ ಧೂಳಿನದನ್ನು ಕಳೆದುಬಿಡುವುದು, ಕಳೆಯುವ ಮುಂಚಿನ ಚಿತ್ರದ ಕಡೆ ಯಾರೂ ತಲೆ ಹಾಕದಿರುವುದು. ಅಕ್ಕನ ಪ್ರಬಂಧದಲ್ಲಿ ಹುಳುಕೇನಾದರೂ ಸಿಗಲಿ ಎಂದೇ ತಂಗಿ ಆ ಮುಂಚಿನ ಚಿತ್ರವನ್ನು ತೆರೆದಳು. ಸತ್ಯದ ಮೇಲಿನ ಪ್ರೀತಿ ಗೀತಿ ಏನೂ ಅಲ್ಲ, ಬರೀ ಹೊಟ್ಟೆಕಿಚ್ಚು.

ಅಲ್ಲಿ ತೂತೇ ಇರಲಿಲ್ಲ! ನಡುವೆ ಅನಿಲ ಎಷ್ಟು ದಟ್ಟವಾಗಿತ್ತೆಂದರೆ, ತನ್ನ ಹಿಂದಿನ ಧೂಳಿನ ಬೆಳಕನ್ನು ಅದು ಆಗಲೇ ಮರೆಮಾಡಿತ್ತು. ಅಲ್ಲಿಲ್ಲದ ಬೆಳಕನ್ನು ಕಳೆಯಲು ಹೋಗಿ ಇವರು ಅನಿಲದ ಬೆಳಕಿಗೇ ಕತ್ತರಿ ಹಾಕಿದ್ದರು.

ವಾರದ ಸಭೆಯಲ್ಲಿ ತಂಗಿ ಎದ್ದು ಎರಡೂ ಚಿತ್ರಗಳನ್ನು ಪರದೆಯ ಮೇಲೆ ಹಾಕಿದಳು.

"ಏನಮ್ಮ ಇದು?" ಎಂದರು ನಿರ್ದೇಶಕರು.

"ತೂತೇ ಇಲ್ಲ ಸಾರ್. ತೂತಿಲ್ಲ ಅಂದ್ಮೇಲೆ ಗ್ರಹ ಎಲ್ಲಿಂದ ಬರುತ್ತೆ? ಕಳೆಯೋದ್ರಲ್ಲೇ ಎಡವಟ್ಟಾಗಿದೆ."

"ಕಳೆದಿದ್ದು ಯಾರು?"

"ನಾನೇ. ಅಕ್ಕ ಹೇಳಿಕೊಟ್ಟ ಹಾಗೆ."

ಕೊನೆಯ ಮಾತನ್ನು ಬೇಕೆಂದೇ ಒತ್ತಿ ಹೇಳಿದಳು. ತನ್ನ ನೌಕರಿ ಮಣ್ಣುಪಾಲಾಯಿತು ಎನ್ನುವುದು ಅವಳಿಗೆ ಗೊತ್ತಿತ್ತು. ಹೋದರೆ ಹೋಗಲಿ, ಇಷ್ಟು ಜನರ ಮುಂದೆ ಅಕ್ಕ ಇಂಗು ತಿಂದ ಮಂಗನಂತೆ ಕೂರುವುದನ್ನು ನೋಡಿದರೆ ಸಾಕಿತ್ತು. ಆದರೆ ಅಕ್ಕ ಸದ್ದಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿದಳು, ಅಷ್ಟೇ. "ಪ್ರಬಂಧ ವಾಪಸ್ ತಗೊಳ್ಳಿ" ಎಂದ ನಿರ್ದೇಶಕರು ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಕಾರಿಡಾರಿನಲ್ಲಿ ತಂಗಿ ಅಡ್ಡ ನಿಂತಳು. "ಹೇಗಿತ್ತು?"

"ಚೆನ್ನಾಗಿತ್ತು. ಕಳೆಯೋ ಮುಂಚಿನ ಚಿತ್ರ ನಾನು ಆಗ್ಲೇ ನೋಡಿದ್ದೆ. ನೀನು ಕಳೆದು ಕೊಟ್ಟ ದಿನಾನೇ."

"ಗೊತ್ತಿದ್ದೂ ಬರೆದ್ಯಾ?"

"ಹೂಂ, ಬರೆದೆ."

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡ."

"ಮತ್ತಿನ್ಯಾರಿಗೆ? ನನ್ನ ಕೆಲಸ ಕಾಯಂ ಆಗಿ ಎಷ್ಟೋ ವರ್ಷ ಆಯ್ತು." ಅಕ್ಕನ ದನಿಯಲ್ಲಿ ಕರುಣೆ ಎಳ್ಳಷ್ಟೂ ಇರಲಿಲ್ಲ. "ನಿಜವಾದ್ದು ಒಂದನ್ನಾದ್ರೂ ನೀನಾಗೇ ಕಂಡುಹಿಡೀತೀಯ ಅಂತ ನಂಗೆ ಯಾವತ್ತೂ ಅನ್ಸಿಲ್ಲ."

ಈಗ ತಾನೇ ಕಂಡುಹಿಡಿದೆನಲ್ಲ ಎನ್ನಲು ತಂಗಿ ಬಾಯಿ ತೆರೆದಳು. ಅದನ್ನೂ ಅಕ್ಕ ಮೊದಲೇ ಕಂಡಿದ್ದಳು.