ಸೀಟು ಹಿಡಿಯುವವನು

ಹೊಸ ‘ನೌಕೆ ಹನ್ನೊಂದು’ ಧಾರಾವಾಹಿಯ ಮೊದಲ ಕಂತು ಮುಗಿದ ಕೂಡಲೇ ಔಷಧಿ ಅಂಗಡಿಯವರು ಎದ್ದು ನಿಂತು, “ಇದನ್ನ ಮಾಡಿದವರ ಕೈ ಸೇದಿಹೋಗ” ಎಂದರು. ಗಿರಾಕಿ ಬೈದರೂ ದನಿ ಎತ್ತದ ಮನುಷ್ಯ ಅವರು. ಆದರೂ ಆ ಹೊತ್ತಿಗೆ ಅದು ನಮಗ್ಯಾರಿಗೂ ಅತಿ ಎನಿಸಲಿಲ್ಲ. ನಾನಂತೂ ಇನ್ನೂ ಖಾರವಾದ ಮಾತನ್ನು ಹುಡುಕುತ್ತಿದ್ದೆ.

ನಾವು ನಾಲ್ಕು ಜನ. ಔಷಧಿ ಅಂಗಡಿಯವರು, ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಣ್ಣ, ಎದುರು ಸಾಲಿನ ಟೈಲರ್ ಮತ್ತು ನಾನು. ನನ್ನದು ಕನ್ನಡಕದ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿ, ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಹಲಗೆ, ಹಲಗೆಯ ಪಕ್ಕದಲ್ಲಿ ಟಿವಿ. ಶನಿವಾರ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು ಅಲ್ಲಿ ಸೇರುತ್ತಿದ್ದೆವು. ಹಳೆಯ ‘ನೌಕೆ ಹನ್ನೊಂದು’ ಬರುತ್ತಿದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮೂರು ವರ್ಷ ನಡೆದು, ನೌಕೆ ನಕ್ಷತ್ರಗಳ ನಡುವೆ ದಾರಿ ತಪ್ಪಿದ್ದಾಗಲೇ ಒಂದು ವಾರ ದಿಢೀರನೆ ನಿಂತುಹೋಯಿತು. ಇಪ್ಪತ್ತೊಂಬತ್ತು ವರ್ಷ ಅದು ಅಲ್ಲೇ ನಿಂತಿತ್ತು. ಮತ್ತೆ ಶುರುವಾಗುತ್ತದೆ ಎಂಬ ಸುದ್ದಿ ಬಂದಾಗ ಡ್ರೈವರಣ್ಣ ಕಣ್ಣೊರೆಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಇಷ್ಟು ವರ್ಷ ಕಾದವರಿಗೆ ಇವರು ಕೊಟ್ಟದ್ದೇನು? ಹಳೆಯ ನೌಕೆಯಲ್ಲಿ ಚಾವಣಿ ಸೋರುತ್ತಿತ್ತು, ಬಾಗಿಲು ಒದ್ದರೆ ತೆರೆಯುತ್ತಿತ್ತು, ಅದನ್ನು ನಂಬಬಹುದಿತ್ತು. ಈಗಿನದು ಚಿನ್ನದಂಗಡಿಯ ಹಾಗೆ ಥಳಥಳ. ಡಬ್ಬಿ ಎಂಬ ರೋಬೋ ಹಳೆಯ ಕಂತುಗಳಲ್ಲಿ ದಿನಕ್ಕೆ ಒಂದೇ ಮಾತಾಡುತ್ತಿತ್ತು, ಈಗ ಅದರ ಬಾಯಿಗೆ ಬೀಗವಿಲ್ಲ. ಎಲ್ಲಕ್ಕಿಂತ ಮೊದಲು ಸದ್ದು! ಗಾಳಿಯೇ ಇಲ್ಲದ ಕಡೆ ಸ್ಫೋಟದ ಸದ್ದು ಎಲ್ಲಿಂದ ಬರುತ್ತದೆ? ಹಳಬರು ಅಲ್ಲಿ ಪೂರ್ತಿ ಮೌನ ಇಟ್ಟಿದ್ದರು, ಆ ಮೌನಕ್ಕೆ ಮೈ ಜುಮ್ಮೆನ್ನುತ್ತಿತ್ತು. ಇವರು ಕಿವಿ ಕಿತ್ತುಹೋಗುವ ಹಾಗೆ ಢಂ ಢಂ ಎನ್ನಿಸಿದ್ದಾರೆ.

ಇದೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾರದ್ದು ದಿಕ್ಕಮ್ಮನ ವಿಷಯ. ನೌಕೆಗೆ ದಿಕ್ಕು ತೋರಿಸುವವಳಿಗೆ ನಾವಿಟ್ಟ ಹೆಸರು ಅದು. ನೌಕೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ಅವಳು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದಳು, ಎಲ್ಲರೂ ‘ಇದ್ದೇನೆ’ ಎಂದ ಮೇಲೇ ನೌಕೆ ಕದಲುತ್ತಿತ್ತು. ಹೊಸ ಕಂತಿನಲ್ಲಿ ಕ್ಯಾಪ್ಟನ್ ಕಾಫಿ ಕುಡಿಯುತ್ತಾ “ಅವಳು ಹಿಂದಿನ ಯಾನದಲ್ಲೇ ಹೋದಳು” ಎಂದ. ಅಷ್ಟೇ. ಅವಳ ಕಥೆ ಒಂದು ಗುಟುಕಿನಲ್ಲಿ ಮುಗಿಯಿತು.

ನಮ್ಮ ದೂರುಗಳಿಗೆ ಒಂದು ಕ್ರಮವಿತ್ತು. ಪ್ರತಿ ಕಂತನ್ನೂ ಎರಡು ಸಲ ನೋಡಬೇಕು, ಎರಡನೆಯ ಸಲ ಸದ್ದು ಪೂರ್ತಿ ತೆಗೆದು. ಮಾತು ಕೇಳಿಸದಿದ್ದರೆ ಕಣ್ಣು ಮೋಸಹೋಗುವುದಿಲ್ಲ ಎಂಬುದು ಔಷಧಿ ಅಂಗಡಿಯವರ ವಾದ. ಆಮೇಲೆ ಪ್ರತಿ ದೂರಿಗೂ ಆಧಾರ ಕೊಡಬೇಕು: ಹಳೆಯ ಯಾವ ಕಂತು, ಎಷ್ಟನೆಯ ನಿಮಿಷ. ‘ನನಗೆ ಹಾಗನಿಸಿತು’ ಎಂದವರನ್ನು ಬಾಯಿ ಮುಚ್ಚಿಸಿ ಕೂರಿಸುತ್ತಿದ್ದೆವು. ಪತ್ರ ಬರೆಯುವುದು ನನ್ನ ಕೆಲಸ. ಮೊದಲ ಪತ್ರದಲ್ಲೇ ದಿಕ್ಕಮ್ಮನನ್ನು ವಾಪಸ್ ತನ್ನಿ ಎಂದು ಬರೆದೆ. ಅವಳ ಸಮವಸ್ತ್ರದ ಕಾಲರನ್ನು ಹೇಗೆ ಕತ್ತರಿಸಿದ್ದರು, ಹೊಲಿಗೆ ಎಲ್ಲಿ ಇಮ್ಮಡಿಯಾಗಿತ್ತು ಎಂಬ ವಿವರವನ್ನೂ ಟೈಲರ್ ಹೇಳಿದಂತೆ, ಟೈಲರ್ ಹೆಸರಿನಲ್ಲೇ ಸೇರಿಸಿದೆ. ‘ನಿಮ್ಮ ಪ್ರೀತಿಗೆ ಋಣಿ’ ಎಂಬ ಅಚ್ಚಾದ ಕಾಗದ ವಾಪಸ್ ಬಂತು.

ಟೈಲರ್ ಬಗ್ಗೆ ಹೇಳಬೇಕು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ, ನನ್ನ ಗಂಡನನ್ನು ಭಾವ ಎನ್ನುತ್ತಿದ್ದಳು. ಒಡಹುಟ್ಟಿದವಳಲ್ಲ. ಆದರೂ ನನ್ನ ಮನೆಯ ಬೀಗದ ಕೈ ಅವಳ ಬಳಿ ಒಂದಿದೆ. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರಿಗೆ ನಮ್ಮ ನೌಕೆಯ ಹುಚ್ಚು ಇರಲಿಲ್ಲ, ನಾವು ಹಳೆಯ ಕಂತುಗಳನ್ನು ಮತ್ತೆ ಹಾಕಿಕೊಂಡಾಗಲೆಲ್ಲ ‘ನಿಮ್ಮ ತಗಡಿನ ಹಡಗು’ ಎಂದು ಆಡಿಕೊಳ್ಳುತ್ತಲೇ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಆಸ್ಪತ್ರೆಯ ಕೊನೆಯ ಮಧ್ಯಾಹ್ನ ಏನು ಮಾಡಬೇಕೆಂದು ತೋಚದೆ ಫೋನಿನಲ್ಲಿ ಹಳೆಯ ಕಂತೊಂದನ್ನು ಹಾಕಿದ್ದೆ. ದಿಕ್ಕಮ್ಮ ಹೆಸರು ಕೂಗುತ್ತಿದ್ದಳು. ಅವರು ಕಣ್ಣು ಬಿಟ್ಟು, ಸ್ವಲ್ಪ ಹೊತ್ತು ಕೇಳಿಸಿಕೊಂಡು, ನನ್ನ ಕಡೆ ತಿರುಗಿ, “ನಾನು ಮುಂದೆ ಹೋಗಿ ಸೀಟು ಹಿಡಿದಿರ್ತೀನಿ. ನೀನು ನಿಧಾನಕ್ಕೆ ಬಾ” ಎಂದರು.

ಬಸ್ಸಾಗಲಿ ರೈಲಾಗಲಿ, ಮದುವೆಯಾದಾಗಿನಿಂದ ಅವರದು ಅದೇ ಮಾತು. ಓಡಿಹೋಗಿ ಹತ್ತಿ, ಪಕ್ಕದ ಸೀಟಿಗೆ ಚೀಲ ಇಟ್ಟು, ಊರಿನವರೆಲ್ಲರ ಜೊತೆ ಜಗಳ ಕಾಯುತ್ತಾ ಕೂರುವರು. ನಾನು ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಹಿಂದಿನಿಂದ ಹೋಗುತ್ತಿದ್ದೆ, ಮನೆಗೆ ಬಂದು ಬೈಯುತ್ತಿದ್ದೆ. ಆಸ್ಪತ್ರೆಯಲ್ಲಿ ಬೈಯಲಿಲ್ಲ. ಆಮೇಲೆ ಅವರು ಮತ್ತೆ ಮಾತಾಡಲಿಲ್ಲ.

ಇದನ್ನು ನಾನು ಒಬ್ಬಳಿಗೇ ಹೇಳಿದ್ದು. ಅವರ ಕೋಟನ್ನು ನನ್ನ ಅಳತೆಗೆ ಇಳಿಸಿಕೊಡು ಎಂದು ಕೊಂಡುಹೋದ ದಿನ ಟೈಲರಿಗೆ ಹೇಳಿದ್ದೆ. ಅವಳು ಮಿಷನ್ ನಿಲ್ಲಿಸಿ ನನಗಿಂತ ಹೆಚ್ಚು ಅತ್ತಳು. ನನ್ನ ಮಗಳಿಗೂ ಹೇಳಿಲ್ಲ. ಯಾಕೆಂದರೆ ಅದು ಹೇಳಿಕೊಂಡು ತಿರುಗುವ ಮಾತಲ್ಲ. ನನಗೆ ಉಳಿದದ್ದು ಅದೊಂದೇ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವಾಗ ಅವರ ದನಿಯಲ್ಲೇ ಅದನ್ನೊಮ್ಮೆ ಕೇಳಿಸಿಕೊಂಡು ದಿನ ಶುರುಮಾಡುತ್ತಿದ್ದೆ.

ಮೂರನೆಯ ಕಂತಿನಿಂದ ಟೈಲರ್ ಶನಿವಾರ ತಪ್ಪಿಸತೊಡಗಿದಳು. ಕೇಳಿದರೆ “ಅರ್ಜೆಂಟ್ ಹೊಲಿಗೆ ಅಕ್ಕ” ಎಂದಳು. ಏಳನೆಯ ಕಂತಿನ ದಿನ ಮಾತ್ರ ಎಲ್ಲರಿಗಿಂತ ಮೊದಲೇ ಬಂದು, ಮುಂದಿನ ಸ್ಟೂಲಿನ ಮೇಲೆ ಕೂತಳು. ಮುಖದಲ್ಲಿ ನಗು ತಡೆದುಕೊಳ್ಳಲು ಆಗುತ್ತಿರಲಿಲ್ಲ.

“ಏನಮ್ಮಾ, ಲಾಟರಿ ಹೊಡೀತಾ?” ಎಂದರು ಡ್ರೈವರಣ್ಣ.

“ನೋಡಿ ನೋಡಿ, ಇವತ್ತು ನೀವು ದೂರು ಬರೆಯಲ್ಲ” ಎಂದಳು.

ಆ ಕಂತಿನಲ್ಲಿ ನೌಕೆಗೆ ಬೆಂಕಿ ಬೀಳುತ್ತದೆ, ಎಲ್ಲರೂ ಚಿಕ್ಕ ದೋಣಿಗಳಿಗೆ ಓಡಬೇಕು. ಜನರ ನಡುವಿನಿಂದ ಹೊಸ ಪಾತ್ರವೊಂದು ಬಂತು. ದೊಡ್ಡ ಹೊಟ್ಟೆಯ ಪ್ರಯಾಣಿಕ, ಕಂಕುಳಲ್ಲಿ ಚೀಲ. ಎಲ್ಲರನ್ನೂ ತಳ್ಳಿಕೊಂಡು ಮುಂದೆ ನುಗ್ಗಿ, ದೋಣಿಯೊಳಗೆ ಬಿದ್ದು, ಪಕ್ಕದ ಜಾಗಕ್ಕೆ ಚೀಲ ಎಸೆದು, ಹೊರಗೆ ನಿಂತ ಹೆಂಡತಿಯ ಕಡೆ ತಿರುಗಿ ಮೂಗಿನಲ್ಲಿ ಎಳೆದೆಳೆದು ಹೇಳಿದ: “ನಾನು ಮುಂದೆ ಹೋಗಿ ಸೀಟು ಹಿಡಿದಿರ್ತೀನಿ. ನೀನು ನಿಧಾನಕ್ಕೆ ಬಾ.” ದೋಣಿಯ ಬಾಗಿಲು ಮುಚ್ಚಿಕೊಂಡಿತು, ಹೆಂಡತಿ ಹೊರಗೇ ಉಳಿದಳು. ಹಿನ್ನೆಲೆಯಲ್ಲಿ ಪೀಪಿಯ ಸದ್ದು.

ಡ್ರೈವರಣ್ಣ ತೊಡೆ ತಟ್ಟಿಕೊಂಡು ನಕ್ಕರು. “ನನ್ನ ಬಸ್ಸಲ್ಲಿ ಇಂಥವರು ದಿನಕ್ಕೆ ಹತ್ತು ಜನ!” ಔಷಧಿ ಅಂಗಡಿಯವರು ಕೂಡ, ಏಳು ವಾರದಲ್ಲಿ ಮೊದಲ ಬಾರಿಗೆ, ನಕ್ಕರು. ನಾನು ಟೈಲರ್ ಬೆನ್ನನ್ನೇ ನೋಡುತ್ತಿದ್ದೆ. ಅವಳು ನಗಲಿಲ್ಲ. ತಿರುಗಿ ನನ್ನನ್ನು ನೋಡಲೂ ಇಲ್ಲ.

ಕಂತಿನ ಕೊನೆಗೆ ಹೊಗೆಯ ನಡುವಿನಿಂದ ದಿಕ್ಕಮ್ಮ ನಡೆದುಬಂದಳು. ಅದೇ ಹಳೆಯ ನಟಿ, ಕೂದಲು ಪೂರ್ತಿ ಬೆಳ್ಳಗಾಗಿದೆ. ಒಬ್ಬೊಬ್ಬರ ಹೆಸರನ್ನೂ ಕೂಗಿದಳು. ಡ್ರೈವರಣ್ಣ “ಇದ್ದೇನೆ ತಾಯಿ, ಇದ್ದೇನೆ” ಎಂದು ಅತ್ತೇಬಿಟ್ಟರು. ನಾನು ಅವಳ ಕಾಲರನ್ನು ನೋಡಿದೆ. ತುದಿಯಲ್ಲಿ ಇಮ್ಮಡಿ ಹೊಲಿಗೆ, ಮೂಲೆಯಲ್ಲಿ ಒಂದು ಸಣ್ಣ ಅಡ್ಡ ಹೊಲಿಗೆ. ಆ ಅಡ್ಡ ಹೊಲಿಗೆ ನನ್ನ ಗಂಡನ ಕೋಟಿನ ಮೇಲೂ ಇದೆ. ಅದು ಯಾರ ಕೈಯೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

“ಸರಿ, ಇನ್ನೊಂದು ಸಲ. ಸದ್ದು ತೆಗೀರಿ” ಎಂದರು ಔಷಧಿ ಅಂಗಡಿಯವರು. ಕ್ರಮ ಅಂದರೆ ಕ್ರಮ. ಎದ್ದುಹೋಗಬಹುದಿತ್ತು, ಯಾಕೆ ಎಂದು ಕೇಳುತ್ತಿದ್ದರು. ಕೂತೆ. ಮೌನದಲ್ಲಿ ಆ ಹೊಟ್ಟೆಯವನು ಮತ್ತೆ ಓಡಿಬಂದ, ಚೀಲ ಎಸೆದ, ಬಾಯಿ ತೆರೆದ. ಆ ತುಟಿಗಳ ಮೇಲೆ ಒಂದೊಂದು ಪದವನ್ನೂ ನಾನು ಓದಿದೆ.

ಇಬ್ಬರೂ ಗಂಡಸರು ಹೋದ ಮೇಲೆ ಟೈಲರ್ ಫ್ರೇಮುಗಳ ಗಾಜಿನ ಕಪಾಟಿಗೆ ಒರಗಿ ನಿಂತಳು.

“ಎಷ್ಟು ದಿನದಿಂದ ಅವರಿಗೆ ಹೊಲಿತಿದ್ದೀಯ?” ಎಂದೆ.

“ನಮ್ಮ ಪತ್ರ ನೋಡಿಯೇ ಕರೆದ್ರು ಅಕ್ಕ. ಕಾಲರಿನ ವಿಷಯ ಬರೆದಿದ್ರಲ್ಲ ನೀವು. ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಸ್ಕೊಂಡ್ರು.”

“ಹೊಲಿಗೆ ಬಿಡು. ಮಾತು?”

ಅವಳು ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು. “ಆ ಡ್ರೆಸ್ಸು ಹಳೇ ನೆನಪಿನ ಒಂದು ದೃಶ್ಯಕ್ಕೆ ಮಾತ್ರ ಅಂತೆ. ದಿಕ್ಕಮ್ಮನ್ನ ವಾಪಸ್ ತನ್ನಿ ಅಂತ ನಾನು ಆ ಕಥೆ ಬರೆಯೋನ ಹಿಂದೆ ಬಿದ್ದೆ. ಸತ್ತವಳು ಜನಕ್ಕೆ ಯಾಕೆ ಬೇಕು, ಆಧಾರ ಕೊಡಿ ಅಂದ. ಆಧಾರ ಅಂದಕೂಡಲೇ ನಂಗೆ... ಇನ್ಯಾವ ಕಂತು, ಯಾವ ನಿಮಿಷ ಹೇಳಲಿ ಅಕ್ಕ? ಒಬ್ಬ ಮನುಷ್ಯ ಸಾಯೋ ಹೊತ್ತಲ್ಲಿ ಅವಳ ದನಿ ಕೇಳಿ ಧೈರ್ಯ ತಗೊಂಡ, ಹೀಗಂದು ಹೋದ ಅಂದೆ. ಇದಕ್ಕಿಂತ ದೊಡ್ಡ ಆಧಾರ ಎಲ್ಲಿದೆ? ಅವನ ಕಣ್ಣಲ್ಲೂ ನೀರು ಬಂತು. ಬರ್ಕೊಂಡ. ದಿಕ್ಕಮ್ಮನ ಬಾಯಲ್ಲಿ ಹೇಳಿಸ್ತೀನಿ ಅಂದಿದ್ದ. ಆಣೆ ಮಾಡಿ ಹೇಳ್ತೀನಿ, ಹಾಗೇ ಅಂದಿದ್ದ.”

“ನನ್ನ ಕೇಳಬೇಕು ಅಂತ ಅನಿಸ್ಲಿಲ್ವಾ?”

“ನಿಮಗೆ ಖುಷಿಯಾಗುತ್ತೆ ಅಂತ... ಒಂದೇ ಸಲ ಟಿವಿಯಲ್ಲಿ ನೋಡಲಿ ಅಂತ.”

“ನಿನಗೆ ಹೇಳಿದ್ದೆ ಕಣೇ. ನಿನಗೆ. ದಿಕ್ಕಮ್ಮನಿಗಲ್ಲ, ಜನಕ್ಕಲ್ಲ. ನಂಬಿ ಹೇಳಿದ್ದೆ. ನೀನು ಅದನ್ನ ತಗೊಂಡುಹೋಗಿ ಆ ಹೊಟ್ಟೆಯವನಿಗೆ ಕೊಟ್ಟೆ.”

“ತಪ್ಪಾಯ್ತು ಅಕ್ಕ.”

“ಮನೆ ಕೀ ಇಟ್ಟು ಹೋಗು” ಎಂದೆ. ಅವಳು ಕೀ ಗೊಂಚಲಿನಿಂದ ಬಿಡಿಸಲು ಎಷ್ಟೋ ಹೊತ್ತು ಒದ್ದಾಡಿದಳು. ನಾನು ಸಹಾಯ ಮಾಡಲಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮನಸಾರೆ ಬೈದು ಮುಗಿಸಬಹುದಿತ್ತು.

ಸೋಮವಾರ ಔಷಧಿ ಅಂಗಡಿಯವರು ಬಂದು, ಈ ಸಲ ಮೆಚ್ಚುಗೆಯ ಪತ್ರ ಬರೆಯಬೇಕು ಎಂದರು. ನಮ್ಮ ಮೊದಲ ಮೆಚ್ಚುಗೆ. ದಿಕ್ಕಮ್ಮನನ್ನು ತಂದದ್ದಕ್ಕೆ ಎರಡು ಪುಟ ಹೇಳಿ ಬರೆಸಿದರು. “ಆ ಸೀಟು ಹಿಡಿಯೋನನ್ನೂ ಬಿಡಬೇಡಿ. ಪಾತ್ರ ಚೆನ್ನಾಗಿದೆ, ಮುಂದುವರಿಸಿ ಅಂತ ಬರೀರಿ” ಎಂದರು. ಬರೆದೆ. ಬರೆಯುವುದಿಲ್ಲ ಎಂದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು, ಹೇಳಿದರೆ ಅದು ಇನ್ನೊಂದು ಬಾಯಿಗೆ ಹೋದಂತೆ. ನನ್ನ ಕೈಯಾರೆ, ನನ್ನ ದುಂಡಕ್ಷರದಲ್ಲಿ, ಮುಂದುವರಿಸಿ ಎಂದು ಬರೆದುಕೊಟ್ಟೆ.

ಅವರು ಮುಂದುವರಿಸಿದರು. ಎಂಟರಲ್ಲಿ, ಒಂಬತ್ತರಲ್ಲಿ, ಹತ್ತರಲ್ಲಿ ಅವನೇ. ಬಸ್ಸಿನ ಬೆನ್ನ ಮೇಲೆ ಅವನ ಚಿತ್ರ ಬಂತು. ಬ್ಯಾಂಕಿನ ಸಾಲಿನಲ್ಲಿ ನನ್ನ ಹಿಂದೆ ನಿಂತ ಕಾಲೇಜು ಹುಡುಗಿಯರು ಮೂಗಿನಲ್ಲಿ ಎಳೆದು ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಂಡು ನಕ್ಕರು. ಒಂದು ಮಧ್ಯಾಹ್ನ ವಯಸ್ಸಾದ ಗಿರಾಕಿಯೊಬ್ಬರು ಕಣ್ಣು ಪರೀಕ್ಷೆಗೆ ಬಂದು, ಹೆಂಡತಿಗಿಂತ ಮೊದಲು ಒಳಗಿನ ಕುರ್ಚಿಯತ್ತ ನಡೆಯುತ್ತಾ ಅದೇ ಧಾಟಿಯಲ್ಲಿ ಅದನ್ನೇ ಅಂದರು. ಹೆಂಡತಿ ನಕ್ಕರು. ನಾನೂ ನಕ್ಕೆ, ಗಿರಾಕಿಯಲ್ಲವೇ. ಆಮೇಲೆ ಅವರ ಕಣ್ಣಿಗೆ ಮೂರು ಸಲ ತಪ್ಪು ಗಾಜು ಹಾಕಿದೆ.

ಟೈಲರ್ ಒಂದು ತಿಂಗಳು ಬರಲಿಲ್ಲ. ಬಂದಾಗ ಮುಖ ಸಣ್ಣಗಾಗಿತ್ತು. ಬಾಗಿಲಲ್ಲೇ ನಿಂತು, “ಅಲ್ಲಿ ಕೆಲಸ ಬಿಟ್ಟೆ ಅಕ್ಕ. ಜಗಳ ಆಡಿಬಂದೆ. ಮುಂದಿನ ವಾರದಿಂದ ಅವನ ಬಾಯಲ್ಲಿ ಆ ಮಾತು ಬರಲ್ಲ ಅಂತ ಒಪ್ಕೊಂಡಿದ್ದಾರೆ” ಎಂದಳು.

“ಒಳಗೆ ಬಾ” ಎಂದೆ.

ಅವಳಿಗೆ ಅಳು ಬಂತು. ಸ್ಟೂಲು ಎಳೆದುಕೊಂಡು ಕೂತಳು. ನಾನು ಅಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಹೇಳಬಹುದಾದವಳು ಅವಳೊಬ್ಬಳೇ ಆದ್ದರಿಂದ, ಅವಳಿಗೇ ಹೇಳಿದೆ.

“ಬೆಳಿಗ್ಗೆ ಅಂಗಡಿ ತೆಗೆಯೋವಾಗ ಅವರ ದನಿ ಬರ್ತಿಲ್ಲ ಕಣೇ. ಆ ಹೊಟ್ಟೆಯವನದೇ ಬರುತ್ತೆ. ಆಸ್ಪತ್ರೆ ನೆನಪಾಗುತ್ತೆ, ಮಂಚ ನೆನಪಾಗುತ್ತೆ, ತುಟಿ ಆಡಿದ್ದು ಕಾಣ್ಸುತ್ತೆ. ಮಾತು ಮಾತ್ರ ಅವನು ಹೇಳ್ತಾನೆ. ನೀನು ಇಪ್ಪತ್ತು ವರ್ಷ ನಿನ್ನ ಭಾವನ ಮಾತು ಕೇಳಿದ್ದೀಯ. ಒಂದು ಸಲ ಅವರ ಹಾಗೆ ಹೇಳು. ನೆನಪು ಮಾಡಿಕೊಡು, ಸಾಕು. ಆಮೇಲೆ ನಾನು ನಿನ್ನ ಮೇಲೆ ಏನೂ ಇಟ್ಟುಕೊಳ್ಳಲ್ಲ.”

ಅವಳು ಕಣ್ಣು ಮುಚ್ಚಿದಳು. “ನಾನು ಮುಂದೆ” ಎಂದು ಶುರುಮಾಡಿ ನಿಲ್ಲಿಸಿದಳು. ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದಳು, ಮತ್ತೆ ನಿಲ್ಲಿಸಿದಳು. ಮೂರನೆಯ ಸಲ ಅವಳ ಬಾಯಿಂದ ಅದು ಮೂಗಿನಲ್ಲಿ ಎಳೆದೇ ಬಂತು. ಇಬ್ಬರಿಗೂ ಕೇಳಿಸಿತು.