ಅಜ್ಜಿಯ ಮೊಟ್ಸ್ವಾಲೆ

ರೆಫಿಲ್ವೆಯನ್ನು ಅವಳಮ್ಮ ರಾಜಧಾನಿ ಮಸೇರುವಿನಿಂದ ಬೆಟ್ಟದ ಮೇಲಿನ ತವರಿಗೆ ಕರೆತಂದದ್ದು ಬುದ್ಧಿ ಹೇಳಿಸಲಿಕ್ಕೆ. ಹುಡುಗರ ಸುದ್ದಿ ನನಗೆ ಬೇಡ, ಹಾಸ್ಟೆಲಿನ ಗೆಳತಿ ಪುಸೆಲೆಟ್ಸೊ ಎಂದರೆ ನನಗೆ ಪ್ರಾಣ ಎಂದು ಹದಿನೇಳರ ಹುಡುಗಿ ಊಟದ ನಡುವೆ ಹೇಳಿಬಿಟ್ಟಿದ್ದಳು. ಅಂದಿನಿಂದ ಅಮ್ಮ ಅವಳೊಡನೆ ನೆಟ್ಟಗೆ ಮಾತಾಡಿರಲಿಲ್ಲ.

ಅಜ್ಜಿ ಮನೆಯ ಗೋಡೆಗೆ ಸಗಣಿ ಮಣ್ಣು ಬಳಿದು, ಹಸಿಯಿರುವಾಗಲೇ ಬೆರಳಿನಿಂದ ಹೂಬಳ್ಳಿ ಎಳೆಯುತ್ತಿದ್ದಳು. ಅಮ್ಮ ನಿಂತಲ್ಲೇ ಎಲ್ಲವನ್ನೂ ಒದರಿದಳು.

"ನೀನೇ ಹೇಳವ್ವ, ಇಂಥದ್ದು ನಮ್ಮ ಜನದಲ್ಲಿ ಎಲ್ಲಾದ್ರೂ ಇದೆಯಾ? ಬಿಳಿಯರ ದೇಶದ್ದು ಇದು. ಫೋನಲ್ಲಿ ನೋಡಿ ಕಲ್ತಿದ್ದಾಳೆ."

ಅಜ್ಜಿ ತಿರುಗಲಿಲ್ಲ. "ನೀನೇನಂತೀಯಾ ಮಗಾ?"

ರೆಫಿಲ್ವೆ ಅಜ್ಜಿಯ ಪಕ್ಕಕ್ಕೆ ಬಂದು ನಿಂತಳು. "ನಿಜ ಅಜ್ಜಿ. ಅವಳು ಹತ್ರ ಇಲ್ದಿದ್ರೆ ಊಟ ಸೇರಲ್ಲ ನಂಗೆ."

ಅಜ್ಜಿ ಕೈ ತೊಳೆದು, ಹಬ್ಬಕ್ಕಷ್ಟೇ ಹೊದೆಯುವ ಕಂಬಳಿ ತೆಗೆದು ಹೊದ್ದುಕೊಂಡಳು. "ನಡೀರಿ ಇಬ್ರೂ."

ಗುಡ್ಡದಾಚೆ ಪೀಚ್ ಮರಗಳ ನಡುವೆ ಒಂದು ದುಂಡನೆಯ ಮನೆ. ಬಾಗಿಲಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳು ಬಿಸಿಲು ಕಾಯುತ್ತಿದ್ದಳು. ಹೆಸರು ಮಾತುಮೆಲೊ. ಅಮ್ಮ ಬಾಗಿ, "ಚೆನ್ನಾಗಿದ್ದೀಯಾ ಚಿಕ್ಕಮ್ಮ?" ಎಂದಳು. ಚಿಕ್ಕಂದಿನಿಂದ ಹಾಗೇ ಕರೆಯುತ್ತಿದ್ದಳು. ಹೇಗೆ ಚಿಕ್ಕಮ್ಮ ಎಂದು ಯಾರನ್ನೂ ಕೇಳಿದವಳಲ್ಲ.

ಮುದುಕಿಯ ಕಿವಿ ಇದ್ದದ್ದು ಅಜ್ಜಿಯ ಹೆಜ್ಜೆಯ ಮೇಲೆ. "ಬಂದ್ಯಾ ಕಳ್ಳಿ? ಭಾನುವಾರ ಯಾಕೆ ಬರ್ಲಿಲ್ಲ?"

"ಮಂಡಿ ನೋವು ಕಣೇ. ನಿನ್ ಥರ ಕೂತಲ್ಲೇ ರಾಣಿಯಾ ನಾನು?"

ಅಜ್ಜಿ ಪಕ್ಕದಲ್ಲಿ ಕುಳಿತಳು. ಮಾತುಮೆಲೊ ಎರಡೂ ಕೈಯಿಂದ ಅವಳ ಮುಖವನ್ನು ಮೆಲ್ಲಗೆ ತಡವಿದಳು. ಹಣೆ, ರೆಪ್ಪೆ, ಬೊಚ್ಚು ಬಾಯಿ. ಆಮೇಲೆ ತುಟಿಗೆ ಮುತ್ತಿಟ್ಟಳು, ಏನೂ ಅವಸರವಿಲ್ಲದೆ.

"ಇವಳು ನನ್ನ ಮೊಟ್ಸ್ವಾಲೆ," ಎಂದಳು ಅಜ್ಜಿ. "ಬರೀ ಗೆಳತಿ ಅಲ್ಲ. ನಾನು ಆರಿಸ್ಕೊಂಡೋಳು, ನನ್ನನ್ನ ಆರಿಸ್ಕೊಂಡೋಳು. ನಿಮ್ಮಜ್ಜ ಚಿನ್ನದ ಗಣಿಯಿಂದ ರಜಕ್ಕೆ ಬಂದಾಗ ನಮ್ಮಿಬ್ರ ಔತಣಕ್ಕೆ ಕುರಿ ಕಡಿದ. ಇವಳ ಮನೆಯೋರು ಜೋಳದ ಹೆಂಡ ಹೊತ್ಕೊಂಡು ಬಂದ್ರು. ಊರಿಗೂರೇ ಕುಣೀತು."

"ಅಜ್ಜಂಗೆ ಗೊತ್ತಿತ್ತಾ?"

"ಮೊದಲು ಕುಣಿಯೋಕೆ ಎದ್ದೋನೇ ಅವನು," ಮಾತುಮೆಲೊ ನಕ್ಕಳು. "ಒಂದು ಹೆಜ್ಜೇನೂ ಸರಿ ಬೀಳ್ತಿರ್ಲಿಲ್ಲ."

"ಮತ್ತೆ ಯಾಕೆ ಯಾರೂ ಹೇಳ್ಲಿಲ್ಲ ನಂಗೆ?" ಎಂದಳು ರೆಫಿಲ್ವೆ.

"ಪಾದ್ರಿಗಳು ಮುಖ ಸಿಂಡರಿಸಿದ್ರು. ಆಮೇಲೆ ಸ್ಕೂಲಿಗೆ ಹೋದ ನಮ್ಮ ಮಕ್ಕಳೇ ಸಿಂಡರಿಸಿದ್ರು. ಔತಣ ನಿಲ್ಸಿದ್ವಿ. ಹೋಗಿ ಬರೋದು ನಿಲ್ಸಲಿಲ್ಲ," ಎಂದಳು ಅಜ್ಜಿ.

ರೆಫಿಲ್ವೆ ಬೆಟ್ಟಸಾಲಿನ ಕಡೆ ನೋಡಿದಳು. ಈ ಭೂಮಿಯ ಮೇಲೆ ಹೀಗಿರುವವಳು ತಾನೊಬ್ಬಳೇ ಎಂದು ಹಾಸ್ಟೆಲಿನ ಹಾಸಿಗೆಯಲ್ಲಿ ಎಷ್ಟು ಸಲ ಅತ್ತಿದ್ದಳು. ಆ ಬೆಟ್ಟಗಳ ಊರುಗಳಲ್ಲೆಲ್ಲ ಎಷ್ಟು ಮಂದಿ ಹೆಂಗಸರು ಹೀಗೆ ಹಾಡಹಗಲಲ್ಲಿ ಗುಡ್ಡ ದಾಟಿ ಒಬ್ಬರ ಬಾಗಿಲಿಗೊಬ್ಬರು ನಡೆದಿದ್ದರೋ.

ಅಮ್ಮ ಕಲ್ಲಿನ ಮೇಲೆ ಕುಸಿದು ಕುಳಿತಿದ್ದಳು. "ಆ ಔತಣದಲ್ಲಿ ನಾನಿದ್ದೆ," ಎಂದಳು ಸಣ್ಣ ದನಿಯಲ್ಲಿ. "ಹೊಸ ಲಂಗ ಹಾಕಿದ್ರಿ ನಂಗೆ. ಯಾರದೋ ಮದುವೆ ಅಂದ್ಕೊಂಡಿದ್ದೆ."

ಅಮ್ಮ ಮಗಳನ್ನು ತಬ್ಬಿಕೊಳ್ಳಲಿಲ್ಲ, ಕಣ್ಣೀರನ್ನೂ ಹಾಕಲಿಲ್ಲ. ಹಿಂದಿರುಗುವಾಗ ಗುಡ್ಡದ ನೆತ್ತಿಯಲ್ಲಿ ನಿಂತು ದಣಿವಾರಿಸಿಕೊಂಡಳು.

"ಆ ಹುಡುಗಿ ಯಾರ ಮಗಳು?"

ರೆಫಿಲ್ವೆ ಹೇಳತೊಡಗಿದಳು.